ಹಾರ್ಲನ್ ಮೆತ್ತಗಿನ ಕೋವಿ ಕೊಂಡದ್ದು

ವಿಸ್ಕಾನ್ಸಿನ್ನಿನ ಉತ್ತರದಲ್ಲಿ ಹಾಲಿನ ಟ್ಯಾಂಕರ್ ಓಡಿಸುವ ಹಾರ್ಲನ್ ಕುಬಿಯಾಕ್ ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತದೆ. ಅಷ್ಟು ದೊಡ್ಡ ಆಳು. ಆಳಿಗೆ ತಕ್ಕ ಕೋವಿ ಬೇಡವೇ? ಪ್ರಾಯದಲ್ಲೇ ಮುನ್ನೂರು ಮ್ಯಾಗ್ನಮ್ ಎಂಬ ದೈತ್ಯ ತೋಟಾ ಹಾರಿಸುವ ಕೋವಿ ತಂದಿದ್ದ. ಅದರಲ್ಲಿ ಕರಡಿಯಿರಲಿ, ಕರಡಿ ಅಡಗಿ ಕೂತ ಮರವನ್ನೂ ಉರುಳಿಸಬಹುದಿತ್ತು. ಹಾರ್ಲನ್‌ನ ಗುಂಡು ಹೆಚ್ಚಾಗಿ ತಾಗುತ್ತಿದ್ದದ್ದೂ ಮರಗಳಿಗೇ.

ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾದರೆ ಅವನೂ ಗೆಳೆಯರೂ ಕಾಡಿನ ಗುಡಿಸಲಲ್ಲಿ ಬಿಡಾರ ಹೂಡುತ್ತಾರೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿನ ವಾಡಿಕೆ. ಆ ಗೋಡೆಯ ತುಂಬ ಹಾರ್ಲನ್‌ನ ಅಂಗಿಯ ತುಂಡುಗಳೇ. ಅವನ ಹೆಂಡತಿ ಬೇಟೆಗೆಂದೇ ಹರಕಲು ಅಂಗಿಗಳನ್ನು ಎತ್ತಿಡುತ್ತಿದ್ದಳು. ಅವನೂ ಎಲ್ಲರ ಜೊತೆ ನಕ್ಕು, ಗಾಳಿಯನ್ನೂ ಕೋವಿಯ ಮೇಲಿನ ದುರ್ಬೀನನ್ನೂ ಬೈದು, ಮರುವರ್ಷ ಅದೇ ಕೋವಿ ಹೊತ್ತು ಬರುತ್ತಿದ್ದ.

ಹೋದ ವರ್ಷ ಮಾತ್ರ ನಗು ಬರಲಿಲ್ಲ. ಗುಂಡು ತಪ್ಪಲೂ ಇಲ್ಲ, ಸರಿಯಾಗಿ ತಾಗಲೂ ಇಲ್ಲ. ಹೊಟ್ಟೆಗೆ ಪೆಟ್ಟು ತಿಂದ ಹೆಣ್ಣು ಜಿಂಕೆ ಹಿಮದ ಮೇಲೆ ರಕ್ತ ಚೆಲ್ಲುತ್ತ ಜೌಗಿನೊಳಗೆ ನುಗ್ಗಿತು. ಹಾರ್ಲನ್ ಮಂಡಿಯುದ್ದ ಕೆಸರಲ್ಲಿ ಹುಡುಕಿದ, ಮರುದಿನವೂ ಹುಡುಕಿದ, ಸಿಗಲಿಲ್ಲ. ಎಲ್ಲೋ ನರಳಿ ಸತ್ತಿರುತ್ತದೆ ಎಂಬ ಸಂಕಟಕ್ಕೆ ಎಷ್ಟೋ ದಿನ ಊಟ ಸೇರಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇಟೆಯನ್ನೇ ಬಿಟ್ಟುಬಿಡುವುದು ಎಂದು ತೀರ್ಮಾನಿಸಿದ. ಆ ಗುಡಿಸಲಿಗೆ ಹೋಗದ ನವೆಂಬರನ್ನು ನೆನೆದರೂ ಅವನಿಗೆ ಅಳು ಬರುವಂತಾಗುತ್ತಿತ್ತು.

ಇದನ್ನು ಹೇಳಿಕೊಂಡದ್ದು ಅಕ್ಕ ವರ್ನಾಳ ಬಳಿ ಮಾತ್ರ. ಅವಳದು ಮಾಂಸದಂಗಡಿ, ಊರವರು ಹೊಡೆದು ತಂದ ಜಿಂಕೆಗಳನ್ನು ಕೊಯ್ದು ಸಾಸೇಜ್ ಮಾಡಿಕೊಡುವವಳು. ಎತ್ತರದಲ್ಲಿ ತಮ್ಮನ ಎದೆಗೂ ಬರುವುದಿಲ್ಲ, ಬಾಯಿ ಮಾತ್ರ ಅವನಿಗಿಂತ ಒಂದು ಗೇಣು ಉದ್ದ. ಈ ವರ್ಷ ಅಕ್ಟೋಬರಿನ ಒಂದು ಭಾನುವಾರ ಅವನನ್ನು ಹಳೆಯ ಜಲ್ಲಿ ಗುಂಡಿಗೆ ಕರೆದೊಯ್ದು ಕಾಗದದ ಗುರಿ ನೆಟ್ಟಳು.

"ಕೋವಿ ಕೊಡಿಲ್ಲಿ. ತೋಟಾ ನಾನ್ ತುಂಬ್ತೀನಿ, ನೀನ್ ಸುಮ್ನೆ ಹೊಡಿ."

ಮೊದಲ ಈಡು ಗುಡುಗಿತು. ಕಾಗದಕ್ಕೆ ಏನೂ ಆಗಲಿಲ್ಲ. ಎರಡನೆಯ ಸಲ ಅವಳು ಬೆನ್ನು ತಿರುಗಿಸಿ ಮದ್ದಿಲ್ಲದ ಖಾಲಿ ತೋಟಾ ತುಂಬಿ ಕೊಟ್ಟಳು. ಹಾರ್ಲನ್ ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೆ. ಆದರೆ ಕೋವಿಯ ಮೂತಿ ನೆಲದತ್ತ ಮುಗ್ಗರಿಸಿತ್ತು, ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಹೆಗಲು ಕಿವಿಯ ತನಕ ಏರಿತ್ತು.

"ಕಣ್ ಬಿಡಪ್ಪ, ಮುಗೀತು," ಅಂದಳು ವರ್ನಾ.

"ನಂಗೇನ್ ಹೆದ್ರಿಕೆ ಇಲ್ಲ ಕಣೇ."

"ನಿಂಗಿಲ್ಲ, ನಿನ್ ಹೆಗಲಿಗಿದೆ. ಇಷ್ಟ್ ವರ್ಷ ಒದೆ ತಿಂದು ಅದು ಬುದ್ಧಿ ಕಲ್ತಿದೆ, ನೀನ್ ಕಲ್ತಿಲ್ಲ. ಕೋವಿ ಒದೆಯೋಕ್ ಮುಂಚೆನೇ ಮೂತಿ ಬಗ್ಗಿಸ್ತೀಯ. ಗುಂಡು ಹೊಟ್ಟೆಗ್ ಬೀಳ್ದೆ ಇನ್ನೆಲ್ ಬೀಳ್ಬೇಕು? ಒದೆ ಕಮ್ಮಿ ಇರೋ ಸಣ್ ಕೋವಿ ತಗೋ."

ಹಾರ್ಲನ್ ಬೂಟಿನ ತುದಿಯಿಂದ ಜಲ್ಲಿ ಕೆದಕಿದ. "ಸಣ್ ತೋಟಾಗೆ ಜಿಂಕೆ ಬೀಳತ್ತಾ?"

"ಎದೆಗೂಡಿಗೆ ಬಿದ್ರೆ ಬೀಳತ್ತೆ. ದಿನಾ ಚರ್ಮ ಸುಲಿಯೋಳು ನಾನು, ನಂಗ್ ಗೊತ್ತಿಲ್ವಾ? ನನ್ ಇನ್ನೂರ ನಲ್ವತ್ಮೂರರ ಕೋವಿ ಬೇಡ, ಅದ್ರ ಗುಂಡು ತೀರಾ ಹಗುರ, ಕೈ ಇನ್ನೂ ಪಳಗಿರ್ಬೇಕು. ನಡು ಗಾತ್ರದ್ ತೋಟಾ ಹಾರ್ಸೋದು ತಗೋ, ಸೆವೆನ್ ಎಂಎಂ ಓ ಎಯ್ಟ್ ಅಂತಾರೆ. ಒದೆ ಅರ್ಧಕ್ಕರ್ಧ ಕಮ್ಮಿ."

ಮರುದಿನ ಹಾರ್ಲನ್ ಕೋವಿ ಅಂಗಡಿಯಲ್ಲಿ ಕಳ್ಳನ ಹಾಗೆ ಅತ್ತಿತ್ತ ನೋಡಿ, ತನಗೆ ಬೇಕಾದದ್ದರ ಹೆಸರು ಪಿಸುಗುಟ್ಟಿದ.

"ಯಾರಿಗೆ?" ಎಂದ ಅಂಗಡಿಯ ಮುದುಕ ಓರ್ವಿಲ್.

"ಅಕ್ಕನ್ ಮಗಳಿಗೆ."

"ವರ್ನಾಗೆ ಇರೋರಿಬ್ರೂ ಗಂಡು ಹುಡುಗ್ರಲ್ವಾ?" ಓರ್ವಿಲ್ ಕೋವಿ ಇಳಿಸಿ ಕೊಟ್ಟ. "ಇರ್ಲಿ, ನೀನೇ ಹೆಗಲಿಗೆ ಇಟ್ಟು ನೋಡು. ಹುಡುಗಿ ನಿನ್ನಷ್ಟೇ ಎತ್ತರ ಇರ್ಬೇಕು."

ಹಾರ್ಲನ್ ಮನೆ ಮುಟ್ಟುವ ಮೊದಲೇ ಸುದ್ದಿ ಗುಡಿಸಲಿನ ಗೆಳೆಯರನ್ನು ಮುಟ್ಟಿತ್ತು. ಆದರೂ ಅವನು ವಾರ ವಾರ ಜಲ್ಲಿ ಗುಂಡಿಗೆ ಹೋಗಿ ಅಭ್ಯಾಸ ಮಾಡಿದ. ಬೇಟೆ ಶುರುವಾಗುವ ಹಿಂದಿನ ಸಂಜೆ ಕ್ಲಿಫರ್ಡ್ ಎಂಬ ಗೆಳೆಯ ಕತ್ತರಿ ಮಸೆಯುತ್ತ, "ಅಕ್ಕನ್ ಮಗಳು ಬರ್ಲಿಲ್ವೇನೋ? ಅವಳ ಕೋವಿ ಮಾತ್ರ ಬಂದಿದೆ," ಎಂದ. ಹಾರ್ಲನ್ ಕೋವಿ ಒರೆಸತೊಡಗಿದ. ಅವನಿಗೆ ಅಂಗಿಯ ಚಿಂತೆಯಿರಲಿಲ್ಲ. ಜೌಗಿನ ಜಿಂಕೆ ಕಣ್ಣ ಮುಂದಿತ್ತು.

ಬೆಳಗ್ಗೆ ಅವನು ಮರದ ಮೇಲಿನ ಅಟ್ಟಣೆಯಲ್ಲಿ ಕೂತಿದ್ದಾಗ ಸೀಡರ್ ಮರಗಳ ನಡುವಿನಿಂದ ಗಂಡು ಜಿಂಕೆಯೊಂದು ಹೊರಬಂದು ಅಡ್ಡ ನಿಂತಿತು. ದುರ್ಬೀನಿನ ಗೆರೆಯನ್ನು ಮುಂಗಾಲಿನ ಹಿಂದಕ್ಕೆ ತಂದು, ಉಸಿರು ಬಿಟ್ಟು, ಮೆಲ್ಲಗೆ ಟ್ರಿಗರ್ ಒತ್ತಿದ. ಕೋವಿ ಹೆಗಲನ್ನು ಒಮ್ಮೆ ನೂಕಿತು. ಅವನ ಕಣ್ಣು ತೆರೆದೇ ಇದ್ದವು.

ಎಲ್ಲವೂ ಕಂಡಿತು. ಜಿಂಕೆಯ ಎದೆಯ ಮೇಲಿನ ಕೂದಲು ಅದುರಿದ್ದು, ಮುಂಗಾಲು ಮಡಚಿಕೊಂಡದ್ದು, ಬಾಯಿಂದ ಬಿಳಿಯ ಉಸಿರು ಒಮ್ಮೆ ಬಂದು ಮತ್ತೆ ಬಾರದಿದ್ದದ್ದು. ಬಿದ್ದ ಜಿಂಕೆಗಳನ್ನು ಅವನು ನೋಡಿದ್ದ, ಓಡಿಹೋದವನ್ನೂ ನೋಡಿದ್ದ. ಬೀಳುವುದನ್ನು ಈ ತನಕ ನೋಡಿರಲಿಲ್ಲ.

ಸದ್ದು ಕೇಳಿ ಕ್ಲಿಫರ್ಡ್ ಬಂದಾಗ ಹಾರ್ಲನ್ ಕೈಗವಸು ಬಿಚ್ಚಿ, ಜಿಂಕೆಯ ಬಿಸಿ ಆರದ ಕತ್ತಿನ ಮೇಲೆ ಅಂಗೈಯಿಟ್ಟು ಹಿಮದಲ್ಲೇ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು.

"ಒಂದೇ ಈಡು. ಒಂದ್ ಹೆಜ್ಜೆನೂ ಓಡಿಲ್ಲ, ನರಳ್ಲೂ ಇಲ್ಲ. ಇನ್ನೇನ್ ಬೇಕೋ ನಿಂಗೆ?" ಎಂದ ಕ್ಲಿಫರ್ಡ್.

"ಏನೂ ಬೇಡ. ಮುಂದಿನ್ ವರ್ಷನೂ ಬರ್ತೀನಿ," ಎಂದ ಹಾರ್ಲನ್, ಕೈ ತೆಗೆಯದೆ. "ಆದ್ರೆ ಇನ್ಮೇಲೆ ಪ್ರತಿ ಸಲನೂ ಇದನ್ನ ನೋಡ್ಬೇಕಲ್ಲ ಕಣೋ."