ಅರಿಶಿನದ ನೀರಿಗೆ ನಿಂತ ಹೆಸರು

ಇದು ಕಳೆದ ವರ್ಷದ ಬೇಸಿಗೆಯ ಮಾತು. ಆಗ ನಾನು ರಾಯಚೂರಿನ ನಮ್ಮ ಮನೆಯಲ್ಲಿ, ಊಟದ ಮೇಜಿನ ಕಿಟಕಿ ಬದಿಯ ಅರ್ಧಭಾಗದಲ್ಲಿ ಕುಳಿತು ಆಮಂತ್ರಣ ಪತ್ರಿಕೆಗಳ ವಿನ್ಯಾಸ ಮಾಡುತ್ತಿದ್ದೆ. ಉಳಿದ ಅರ್ಧದಲ್ಲಿ ಉಪ್ಪಿನಕಾಯಿ ಭರಣಿ ಮತ್ತು ನೀರಿನ ತಂಬಿಗೆ. ಇದನ್ನು ಹುದ್ದೆ ಎನ್ನಬಹುದಾದರೆ ನನ್ನ ಹುದ್ದೆ ಅದೇ. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರು ಚಾರ್ಟಿನ ಅಂಚು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಮತ್ತೆ ಬರೆಸುತ್ತಿದ್ದರು. ಆ ಅಭ್ಯಾಸ ಕೈಯಲ್ಲಿ ಉಳಿದಿತ್ತು. ಮಕ್ಕಳು ದೊಡ್ಡವರಾಗಿ ಮಧ್ಯಾಹ್ನಗಳು ಖಾಲಿಯಾದಾಗ ಲ್ಯಾಪ್‌ಟಾಪಿನಲ್ಲಿ ಡಿಸೈನ್ ಕಲಿತೆ. ಈಗ ಹೆಚ್ಚಿನವರು ಮದುವೆಗೆ ವಾಟ್ಸಾಪಿನಲ್ಲೇ ಕರೆಯುತ್ತಾರೆ. ದೇವರ ಮುಂದಿಡಲು, ಹಿರಿಯರ ಕೈಗೆ ಕೊಡಲು ಮಾತ್ರ ಐವತ್ತೋ ನೂರೋ ಕಾಗದದ ಪತ್ರಿಕೆ ಬೇಕು. ಅಷ್ಟು ಕಡಿಮೆ ಸಂಖ್ಯೆಗೆ ದೊಡ್ಡ ಪ್ರೆಸ್ಸಿನವರು ಯಂತ್ರ ಹೂಡುವುದಿಲ್ಲ. ನನ್ನಂಥವರಿಗೆ ಕೆಲಸ ಸಿಗುವುದು ಅಲ್ಲಿಯೇ.

ಅದಕ್ಕೆಂದು ಒಂದು ಇಂಕ್‌ಜೆಟ್ ಪ್ರಿಂಟರ್ ಕೊಂಡಿದ್ದೆ. ಸೂಜಿಮೊನೆಗಿಂತ ಸಣ್ಣ ರಂಧ್ರಗಳಿಂದ ಕಾಗದದ ಮೇಲೆ ಶಾಯಿಯ ಹನಿ ಸಿಂಪಡಿಸುವ ಯಂತ್ರ ಅದು. ಶಾಯಿ ಮುಗಿದಾಗ ಡಬ್ಬಿಯನ್ನೇ ಬದಲಿಸುವ ಕಾರ್ಟ್ರಿಜ್ ಮಾದರಿ ಕೊಳ್ಳುವಾಗ ಅಗ್ಗ, ನಡೆಸುವಾಗ ದುಬಾರಿ. ಹಾಗಾಗಿ ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕ್ ಮಾದರಿಯನ್ನೇ ನೋಡಿದೆ. ಪೆನ್‌ಡ್ರೈವಿನಲ್ಲಿ ಒಂದು ನವಿಲಿನ ಚಿತ್ರ ಒಯ್ದು, ಅಂಗಡಿಯ ನಾಲ್ಕೂ ಯಂತ್ರಗಳಲ್ಲಿ ಅಚ್ಚು ಹಾಕಿಸಿ, ಯಾವುದರ ನೀಲಿ ಕಣ್ಣಿಗೆ ತಂಪಾಗಿತ್ತೋ ಅದನ್ನು ಮನೆಗೆ ತಂದೆ.

"ಸೀರಿ ಆರಿಸಿದಂಗ ಆರಿಸಿದಿ ನೋಡು" ಎಂದು ಯಜಮಾನರು ನಕ್ಕಿದ್ದರು.

ಸೀರೆಯನ್ನಾದರೆ ತುದಿ ಒದ್ದೆ ಮಾಡಿ, ಬಣ್ಣ ಬಿಡುತ್ತದೆಯೇ ಎಂದು ಉಜ್ಜಿ ನೋಡುತ್ತೇವೆ. ಅದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ದೇವದುರ್ಗದಿಂದ ಶರಣಮ್ಮ ಬಂದರು. ಅಲ್ಲಿ ಅವರದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾವೇ ನಡೆಸಿ ಒಬ್ಬಳೇ ಮಗಳು ಭಾಗ್ಯಳನ್ನು ಓದಿಸಿದವರು. ಉಗುರಿನ ಸಂದಿಯಲ್ಲಿ ಖಾರದಪುಡಿಯ ಕೆಂಪು ಇತ್ತು. ನಾನು ಕೊಟ್ಟ ನೀರಿನ ಲೋಟಕ್ಕೆ ಅದು ಹತ್ತಬಾರದೆಂದು ಎರಡೂ ಅಂಗೈ ನಡುವೆ ಹಿಡಿದು ಕುಡಿದರು.

"ಅಕ್ಕಾರ, ನೂರು ಪತ್ರಿಕಿ ಬೇಕ್ರಿ. ಮದ್ಲಿನ ಸಾಲಿನಾಗ ನನ್ನ ಹೆಸ್ರು ಇರ್ಬೇಕು. ನನ್ನ ಮಗಳ ಮದಿವಿಗೆ ಬರ್ರಿ ಅಂತ ನಾನಾ ಕರೀಬೇಕು."

"ಮನ್ಯಾಗ ಎಲ್ಲಾರೂ ಒಪ್ಯಾರೇನ್ರಿ?"

"ನಮ್ಮ ಭಾವಾರು ಒಪ್ಪಿಲ್ಲ, ಸುಮ್ಮಗಾಗ್ಯಾರ" ಎಂದರು. ಭಾವ ಎಂದರೆ ಗಂಡನ ಅಣ್ಣ ಅಮರಪ್ಪ. ತಂದೆಯಿಲ್ಲದ ಹುಡುಗಿಯ ಪತ್ರಿಕೆ ದೊಡ್ಡಪ್ಪನ ಹೆಸರಿನಲ್ಲಿ ಹೊರಡುವುದು ರೂಢಿ. "ಗಂಡ ಇಲ್ಲದಾಕಿ ಹೆಸ್ರು ಮ್ಯಾಲ ಬರಬಾರ್ದಂತ ಅವ್ರ ಮಾತು. ಗಿರಣಿ ಬೆಲ್ಟ್ ಹರಿದಾಗ ಯಾರೂ ನನಗಿಂತ ಮುಂದ ಬರ್ಲಿಲ್ರಿ. ಪತ್ರಿಕ್ಯಾಗ ಯಾಕ ಬರ್ಬೇಕು?"

ಆ ಮಾತು ಕೇಳಿ ನನ್ನ ಕೈ ತಾನೇ ಚುರುಕಾಯಿತು. ಸುತ್ತ ಜೋಳದ ತೆನೆಯ ಅಂಚು, ಮೇಲೆ ಕಡುಗೆಂಪಿನಲ್ಲಿ 'ಶ್ರೀಮತಿ ಶರಣಮ್ಮ' ಎಂಬ ಹೆಸರು, ಉಳಿದ ಅಕ್ಷರಕ್ಕಿಂತ ಒಂದು ಅಳತೆ ದೊಡ್ಡದು. ಹೊಳಪಿನ ದಪ್ಪ ಕಾಗದದ ಮೇಲೆ ಅದು ರೇಷ್ಮೆಯಂತೆ ಕಂಡಿತು. ಅಮರಪ್ಪನವರ ಹೆಸರು ಕೆಳಗೆ, ಹಿರಿಯರ ಸಾಲಿನ ಮೊದಲಲ್ಲಿ.

ನಮ್ಮ ಕಡೆ ಮೊದಲ ಪತ್ರಿಕೆ ದೇವರಿಗೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಮೂಲೆಗಳಿಗೆ ಹಚ್ಚಿ, ದೇವರ ಕೋಣೆಯ ಜಗಲಿಯ ಮೇಲಿಟ್ಟು, ಆಮೇಲೆಯೇ ಹಂಚಲು ಹೊರಡುವುದು. ಶರಣಮ್ಮನವರು ಕರೆದರೆಂದು ಆ ಸೋಮವಾರ ಪತ್ರಿಕೆಗಳ ಕಟ್ಟು ಹಿಡಿದು ನಾನೂ ದೇವದುರ್ಗಕ್ಕೆ ಹೋದೆ. ಅರಿಶಿನ ಹಚ್ಚಿದವರು ಶರಣಮ್ಮನವರ ಅತ್ತೆ. ವಯಸ್ಸಾಗಿ ಕಣ್ಣು ಮಂಜು. ಬಟ್ಟಲಲ್ಲಿ ನೀರು ಹೆಚ್ಚಾಗಿತ್ತು. ಅಜ್ಜಿ ನಾಲ್ಕು ಬೆರಳು ಅದ್ದಿ ಮೇಲಿನ ಮೂಲೆಗೆ ಹಚ್ಚಿದರು. ಹಳದಿ ನೀರು ಹರಿದು ಹೆಸರನ್ನು ಮುಟ್ಟಿತು.

ಮೊದಲು ಒತ್ತಕ್ಷರದ ಬಾಲ ಕರಗಿತು. ಆಮೇಲೆ ಇಡೀ ಹೆಸರು ಗುಲಾಬಿ ಬಣ್ಣದ ಕಲೆಯಾಗಿ ತೆನೆಗಳ ನಡುವೆ ಇಳಿಯಿತು. ಕೆಳಗಿನ ಹೆಸರುಗಳಿಗೆ ಏನೂ ಆಗಿರಲಿಲ್ಲ, ಅಲ್ಲಿಗೆ ನೀರೇ ಹೋಗಿರಲಿಲ್ಲ. ನನಗೆ ಅದು ಕಂಡಿತು. ಕೋಣೆಯಲ್ಲಿದ್ದ ಉಳಿದವರಿಗೆ ಕಂಡದ್ದು ಬೇರೆ.

"ನೋಡಿದ್ರೇನು? ನಾ ಅಳಿಸಿಲ್ಲ. ತಾನಾ ಹೋತು" ಎಂದರು ಅಮರಪ್ಪ.

"ಭಾವಾರ, ಅದು ಶಾಯಿ ದೋಷ."

"ಶಾಯಿಗೇನ್ ಗೊತ್ತವ್ವಾ, ಯಾವ ಹೆಸ್ರು ಅಳಿಸ್ಬೇಕಂತ?"

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡರು. "ಯಪ್ಪಾ ಅಮರಾ, ದೇವ್ರ ಮುಂದ ಜಗಳ ಬ್ಯಾಡ. ಬರೂ ಸೋಮಾರ ಮತ್ತ ಹಚ್ಚೂಣು."

"ಆತು. ಆವತ್ತೂ ಹಿಂಗಾ ಆತಂದ್ರ ಮ್ಯಾಲಿನ ಸಾಲಿಗೆ ನನ್ನ ಹೆಸ್ರು. ಮತ್ತ ಮಾತಿಲ್ಲ."

ಶರಣಮ್ಮ ತಲೆಯಾಡಿಸಿದರು. ನನ್ನನ್ನು ಬಸ್ ಹತ್ತಿಸುವಾಗ "ಸೋಮಾರ, ಅಕ್ಕಾರ" ಎಂದರು. ಅಷ್ಟೇ. ಆ ಒಂದು ಪದ ರಾಯಚೂರು ಮುಟ್ಟುವ ತನಕ ನನ್ನ ಎದೆಯಲ್ಲಿ ಕುಟ್ಟುತ್ತಿತ್ತು.

ಆ ವಾರ ನನ್ನ ಬೆರಳು ಒಣಗಲೇ ಇಲ್ಲ. ಅಕ್ಕಿ ತೊಳೆಯುತ್ತಿದ್ದವಳು ಎದ್ದು ಬಂದು ಒದ್ದೆ ಬೆರಳಿನಿಂದ ಕ್ಯಾಲೆಂಡರ್ ಉಜ್ಜುವುದು, ಕರೆಂಟ್ ಬಿಲ್ ಉಜ್ಜುವುದು, ಮಾತ್ರೆಯ ಡಬ್ಬಿ ಉಜ್ಜುವುದು. ಯಜಮಾನರು ತಮ್ಮ ಕಾಗದಪತ್ರಗಳನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ.

ಯಂತ್ರದ ಜೊತೆ ಬಂದ ಪುಸ್ತಿಕೆಯನ್ನು ಆಗ ಕುಳಿತು ಓದಿದೆ. ಶಾಯಿಯಲ್ಲಿ ಎರಡು ಜಾತಿ. ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಪೂರ್ತಿ ಕರಗಿರುತ್ತದೆ. ನೋಡಲು ಹೊಳಪು, ಆದರೆ ಮತ್ತೆ ನೀರು ಬಿದ್ದರೆ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ನುಣ್ಣನೆಯ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದ ಮೇಲೆ ಕಣಗಳು ಕಾಗದವನ್ನು ಹಿಡಿದು ಕೂರುತ್ತವೆ. ನನ್ನ ಯಂತ್ರದಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಸಾಲದ್ದಕ್ಕೆ ಹೊಳಪಿನ ಕಾಗದವೆಂದು ಸೆಟ್ಟಿಂಗ್ ಇಟ್ಟರೆ ಕಪ್ಪನ್ನೂ ಆ ಮೂರು ಬಣ್ಣ ಬೆರೆಸಿಯೇ ಮಾಡುತ್ತದೆ.

ಸಾದಾ ಕಾಗದದ ಸೆಟ್ಟಿಂಗಿನಲ್ಲಿ ಕಪ್ಪು ಅಕ್ಷರ ಹಾಕಿ ಅರಿಶಿನದ ನೀರು ಸುರಿದೆ. ಒಂದು ಚುಕ್ಕೆಯೂ ಅಲುಗಲಿಲ್ಲ. ಕುಣಿದಾಡುವಷ್ಟು ಸಂತೋಷವಾಗಿ ಶರಣಮ್ಮನವರಿಗೆ ಫೋನ್ ಮಾಡಿದೆ. ಆ ಕಡೆ ಗಿರಣಿಯ ಸದ್ದು ನಿಂತಿತು.

"ಮದಿವಿ ಪತ್ರಿಕ್ಯಾಗ ನನ್ನ ಹೆಸ್ರು ಕರೀದ್ರಾಗೇನ್ರಿ? ತಿಥಿ ಚೀಟಿ ಆಗ್ತದ. ಅದ್ಕಿಂತ ಭಾವಾರ ಹೆಸ್ರಾ ಹಾಕ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಸಿವಿಸಿಯಾಯಿತು.

ಲ್ಯಾಮಿನೇಷನ್ ಮಾಡಿಸಿ ನೋಡಿದೆ. ಹೆಸರು ಉಳಿಯಿತು, ಅರಿಶಿನವೇ ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಬಿತ್ತು. ದೇವರಿಗಿಡುವ ಪತ್ರಿಕೆಗೆ ಅರಿಶಿನ ಹತ್ತದಿದ್ದರೆ ಅಮರಪ್ಪನವರಿಗೆ ಇನ್ನೊಂದು ಮಾತು ಸಿಕ್ಕಂತೆ.

ಉಳಿದ ದಾರಿ ಬೇರೆ ಪ್ರಿಂಟರ್. ಈ ಸಲ ನವಿಲಿನ ಚಿತ್ರದ ಜೊತೆ ಒಂದು ಪುಟ್ಟ ಡಬ್ಬಿಯಲ್ಲಿ ಕಲಸಿದ ಅರಿಶಿನವನ್ನೂ ಒಯ್ದೆ. ಮೊದಲ ಅಂಗಡಿಯಾತ ಒಂದು ಯಂತ್ರದ ಮೈ ತಟ್ಟಿ "ಇದು ಪೂರಾ ವಾಟರ್‌ಪ್ರೂಫ್ ಮೇಡಂ" ಎಂದ. ನಾನು ಡಬ್ಬಿ ತೆರೆದೆ.

"ಏನ್ರಿ ಮೇಡಂ, ತಗೊಳ್ಳೂಕಿಂತ ಮದ್ಲಾ ಪೂಜಿನಾ?"

"ಪೂಜಿ ಆಮ್ಯಾಲ. ಮದ್ಲು ಪರೀಕ್ಷಾ."

ಅವನ ಮಾದರಿ ಹಾಳೆಯಲ್ಲಿ ಕಪ್ಪು ನಿಂತಿತು, ಕೆಂಪು ಓಡಿತು. ಎರಡನೆಯ ಅಂಗಡಿಯಲ್ಲೂ ಅದೇ ಕಥೆ. ಮೂರನೆಯಾತ ಮಾತ್ರ, ಆಫೀಸಿನ ಕೆಲಸಕ್ಕೆಂದು ನಾಲ್ಕೂ ಬಣ್ಣ ಪಿಗ್ಮೆಂಟ್ ಇರುವ ಟ್ಯಾಂಕ್ ಮಾದರಿಯೊಂದಿದೆ ಎಂದ. ನನ್ನದಕ್ಕಿಂತ ಬೆಲೆ ಜಾಸ್ತಿ, ಆದರೆ ಕೈಗೆಟುಕದಷ್ಟಲ್ಲ. ತರಿಸಲು ವಾರ ಬೇಕು, ತರಿಸಿದ ಮೇಲೆ ವಾಪಸ್ಸಿಲ್ಲ. ದಪ್ಪ ಕಾಗದ ಹಿಡಿಯುತ್ತದೆಯೇ ಎಂದರೆ ಅವನಿಗೆ ಗೊತ್ತಿಲ್ಲ. ನನ್ನ ಕೈಯಲ್ಲಿದ್ದದ್ದು ಎರಡು ದಿನ.

ಆಗ ನೆನಪಾದವಳು ನಸೀಮ್. ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು, ಈಗ ಮಾನ್ವಿಯ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ತನ್ನ ಹೊಸ ಪ್ರಿಂಟರ್‌ನ ಬಣ್ಣ ಸತ್ತಂತಿದೆ ಎಂದು ಹಿಂದೊಮ್ಮೆ ಗೊಣಗಿದ್ದಳು. ಫೋನ್ ಮಾಡಿ ಶಾಯಿಯ ಬಾಟಲಿಯ ಮೇಲೆ ಏನಿದೆ ಓದು ಎಂದೆ. ನಾಲ್ಕರ ಮೇಲೂ ಪಿಗ್ಮೆಂಟ್.

"ಅರೇ, ಆ ಮಂಕು ಡಬ್ಬಿ ಬೇಕಾ ನಿನಗ? ಇದ್ರಾಗ ಫೋಟೋ ತಗಿಸಿದವ್ರು 'ನಮ್ಮ ಮುಖ ಯಾಕ ಬಾಡ್ಯಾವ್ರಿ' ಅಂತ ಕೇಳ್ತಾರ. ಬಾ ಮಾ, ಬಂದು ನೀನೂ ಬಾಡು."

ಭಾನುವಾರ ಮುಂಜಾನೆ ಮಾನ್ವಿ ಬಸ್ ಹತ್ತಿದೆ. ನೀರಮಾನ್ವಿಯಲ್ಲಿ ಯಲ್ಲಮ್ಮನ ಗುಡಿಗೆ ಹೋಗಿಬಂದ ಹೆಂಗಸರು ಹತ್ತಿದರು. ಪಕ್ಕ ಕುಳಿತಾಕೆಯ ಅಂಗೈ ತುಂಬ ಗುಡಿಯಲ್ಲಿ ಕೊಟ್ಟ ಅರಿಶಿನ ಭಂಡಾರದ ಹಳದಿ, ಬೆವರಿಗೆ ಅದು ಟಿಕೀಟಿಗೂ ಹತ್ತಿತ್ತು. ಅಚ್ಚು ಉಳಿದಿದೆಯೇ ಎಂದು ನಾನು ಬಗ್ಗಿ ನೋಡಿದೆ. ಆಕೆ ಟಿಕೀಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕಿಟಕಿಯ ಕಡೆ ಸರಿದಳು.

ನಸೀಮಳ ಯಂತ್ರದಲ್ಲಿ ಮೊದಲು ಹೆಸರೊಂದನ್ನೇ ಅಚ್ಚು ಹಾಕಿದೆ. ಹೊಳಪಿನ ಕಾಗದದ ಮೇಲೆ ಪಿಗ್ಮೆಂಟ್ ಹಿಡಿಯಲಿಲ್ಲ, ಉಗುರು ತಾಗಿದರೆ ಪುಡಿಯಾಗಿ ಬಂತು. ಹೊಳಪಿಲ್ಲದ ಒರಟು ಕಾರ್ಡ್ ಹಾಕಿದೆ. ಅದು ಕೆಳಗಿನ ಟ್ರೇಯಿಂದ ಉರುಳೆಯ ಸುತ್ತ ಬಳಸಿ ಬರಲಾರದೆ ನಡುವೆ ಸಿಕ್ಕಿಬಿತ್ತು. ಹಿಂಬದಿಯಲ್ಲಿ ಒಂದು ಮುಚ್ಚಳವಿತ್ತು. ಅಲ್ಲಿಂದ ಕೊಟ್ಟರೆ ಕಾಗದ ಬಾಗದೆ ನೇರ ಇಳಿಯುತ್ತದೆ. ಇಳಿಯಿತು. ಆರಲು ಬಿಟ್ಟು, ನಸೀಮ್ ಅಂಗಡಿಯ ಹಿಂದಿದ್ದ ತನ್ನ ಮನೆಯಿಂದ ತಂದ ಅರಿಶಿನವನ್ನು ನೀರಾಗಿ ಕಲಸಿ ಹೆಸರಿನ ಮೇಲೆ ಹೊಯ್ದೆ.

ನೀರು ಹಾಗೇ ಹರಿದುಹೋಯಿತು. ಹೆಸರು ಕುಳಿತಲ್ಲೇ ಕುಳಿತಿತ್ತು. ಆದರೆ ನನ್ನ ರೇಷ್ಮೆಯ ಕಡುಗೆಂಪು ಇಟ್ಟಿಗೆಯ ಬಣ್ಣವಾಗಿತ್ತು. ಈ ಯಂತ್ರ ಕಾಗದದ ಅಂಚಿನವರೆಗೆ ಅಚ್ಚು ಹಾಕುವುದಿಲ್ಲವಾದ್ದರಿಂದ ಸುತ್ತಲೂ ಬಿಳಿ ಪಟ್ಟಿ ಬೇರೆ.

"ಬಿಳೀ ಉಳೀತಲ್ಲಾ, ಏನ್ ಮಾಡ್ತಿ?"

"ಉಳೀಲಿ ಬಿಡು. ಅರಿಶಿನ ಹಚ್ಚಾಕ ಜಾಗ ಆತು" ಎಂದೆ. ತೆನೆಯ ಅಂಚನ್ನು ಒಳಕ್ಕೆ ಎಳೆದು, ನಾಲ್ಕು ಮೂಲೆಯನ್ನೂ ಬೇಕೆಂದೇ ಖಾಲಿ ಬಿಟ್ಟೆ. ನೂರು ಪತ್ರಿಕೆ ಒಂದೊಂದೇ ಇಳಿದವು. ಬೆಂಚು, ಗಲ್ಲಾಪೆಟ್ಟಿಗೆ, ನಸೀಮಳ ಮಂಚ, ಎಲ್ಲ ಕಡೆ ಆರಹಾಕಿದೆವು. ನಾನು ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡುವುದನ್ನು ಕಂಡು ಅವಳು, "ಸಾಲ್ಯಾಗ ಇಷ್ಟು ಶ್ರದ್ಧಾ ಇದ್ದಿದ್ರ ಸಿಸ್ಟರ್ ಕಡಿಂದ ದಿನಾ ಬೈಸ್ಕೊಂತಿರ್ಲಿಲ್ಲ ನೀನು" ಎಂದಳು.

ಸೋಮವಾರ ದೇವದುರ್ಗದ ಜಗಲಿಯ ಮುಂದೆ ಅದೇ ಜನ. ಅಜ್ಜಿ ಬಟ್ಟಲಿಗೆ ಕೈ ಚಾಚಿದರು. ಅಮರಪ್ಪ ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಯವ್ವಾ, ನಿನಗ ಕಣ್ಣು ಕಾಣಂಗಿಲ್ಲ. ನಾ ಹಚ್ತೀನಿ."

ನಾನು ಮೂಲೆಗಳನ್ನು ಖಾಲಿ ಬಿಟ್ಟದ್ದು ವ್ಯರ್ಥವಾಯಿತು. ಅವರು ಹೆಬ್ಬೆರಳನ್ನು ಪೂರ್ತಿ ಅದ್ದಿ ನೇರ ಹೆಸರಿನ ಮೇಲೆಯೇ ಒತ್ತಿದರು. ಪತ್ರಿಕೆಯನ್ನು ಓರೆ ಮಾಡಿ ಹಿಡಿದರು. ಹಳದಿ ನೀರು ಸಾಲುಸಾಲು ದಾಟಿ, ಅವರ ಹೆಸರನ್ನೂ ತೋಯಿಸಿ, ಕೆಳಗೆ ತೊಟ್ಟಿಕ್ಕಿತು. ಶರಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗೋಡೆ ನೋಡುತ್ತಿದ್ದರು. ಅಮರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಹೆಸರನ್ನು ಒರೆಸಿ ಟವೆಲ್ ನೋಡಿದರು. ಹಳದಿ. ಇನ್ನೊಮ್ಮೆ ಒರೆಸಿದರು. ಆಗಲೂ ಹಳದಿಯೇ.

ಪತ್ರಿಕೆಯನ್ನು ಬೆಳಕಿಗೆ ಹಿಡಿದು ಓದಿದರು. "ಬಣ್ಣ ಯಾಕೋ ಖಾರದಪುಡಿ ಬಣ್ಣ ಆಗ್ಯಾದ" ಎಂದರು. ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಗಿರಣಿ ನಡಸಾಕಿ ಹೆಸ್ರಿಗೆ ಒಪ್ತದ ಬಿಡು."

ಅದನ್ನು ತಾವೇ ಜಗಲಿಯ ಮೇಲಿಟ್ಟು ಕೈ ಮುಗಿದರು. ಹತ್ತು ಪತ್ರಿಕೆ ಎಣಿಸಿಕೊಂಡು ಹೊಸ್ತಿಲ ತನಕ ಹೋದವರು ತಿರುಗಿ ನಿಂತರು.

"ಜಾಲಹಳ್ಳಿ ಬೀಗರಿಗೆ ಮದ್ಲು ಕೊಟ್ಟು ಬರೂಣು. ನಡಿ ಶರಣವ್ವಾ, ಕರಿಯಾಕಿ ನೀನಾ ಅಲ್ಲೇನು?"

ಶರಣಮ್ಮ ಚಪ್ಪಲಿ ಹುಡುಕಿದರು. ಕಾಲ ಬುಡದಲ್ಲೇ ಇದ್ದವು, ಕಾಣಲಿಲ್ಲ. ಭಾಗ್ಯ ಬಗ್ಗಿ ತೋರಿಸಿದಳು.

ಮರುತಿಂಗಳು ನಾನು ಅದೇ ಬಗೆಯ ಯಂತ್ರ ತರಿಸಿದೆ. ಅದಕ್ಕೂ ಅದರ ಕಾಟಗಳಿವೆ. ನಮ್ಮ ರಾಯಚೂರಿನ ಬಿಸಿಲಿಗೆ ಒಂದು ವಾರ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ರಂಧ್ರ ಕಟ್ಟಿಕೊಳ್ಳುತ್ತದೆ, ಕೆಲಸವಿರಲಿ ಬಿಡಲಿ ಆಗಾಗ ಒಂದು ಬಣ್ಣದ ಪುಟ ತೆಗೆಯಬೇಕು. ಹಳೆಯದು ಫೋಟೋಗಳಿಗೆ ಉಳಿದಿದೆ, ಅದರ ನೀಲಿ ಇವತ್ತಿಗೂ ಚಂದ. ಮನೆಯಲ್ಲೇ ಡಿಸೈನ್ ಕೆಲಸ ಶುರುಮಾಡುವ ಹೆಣ್ಣುಮಕ್ಕಳು ಕಡಿಮೆ ಬೆಲೆಯಲ್ಲಿ ಯಾವ ಪ್ರಿಂಟರ್ ಒಳ್ಳೆಯದು ಎಂದು ನನ್ನನ್ನು ಕೇಳುತ್ತಾರೆ. ನಾನು ಬೆಲೆಯನ್ನೂ ಬಣ್ಣವನ್ನೂ ಆಮೇಲೆ ಹೇಳುತ್ತೇನೆ. ಮೊದಲು ಕೇಳುವುದು, ಅಚ್ಚಾದ ಕಾಗದ ನಿಮ್ಮ ಮನೆ ಬಿಟ್ಟ ಮೇಲೆ ಯಾರ ಕೈ ಸೇರುತ್ತದೆ, ಆ ಕೈಗೆ ಏನು ಹತ್ತಿರುತ್ತದೆ ಎಂದು. ಅದು ಗೊತ್ತಾದರೆ ಅಂಗಡಿಗೆ ಯಾವ ಡಬ್ಬಿ ಒಯ್ಯಬೇಕೆಂಬುದು ಅವರಿಗೇ ತಿಳಿಯುತ್ತದೆ.