ಭಾವನ ಕಣ್ಣಿಗೆ ಹಿಡಿದ ಲೈಟು

ಭಾವ, ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ಆವತ್ತು ಬೆಳಗಿನ ಕತ್ತಲೆಯಲ್ಲಿ ನಿಮ್ಮನ್ನು ಸೈಕಲ್ ಸಮೇತ ಪೈಪಿನ ಗುಂಡಿಗೆ ಕೆಡವಿದ್ದು ನನ್ನ ಸೈಕಲ್ಲಿನ ಲೈಟು. ಅದನ್ನು ನಾನು ಬೇಕೆಂದೇ ನಿಮ್ಮ ಮುಖಕ್ಕೆ ಹಿಡಿದಿದ್ದೆ. ಕೈತಪ್ಪಿ ಅಲ್ಲ, ಮರೆತು ಅಲ್ಲ — ಬೇಕೆಂದೇ.

ಇಷ್ಟು ಹೇಳಿದೆನೆಂದು ನಾನು ಮೆತ್ತಗಾಗಿದ್ದೇನೆ ಅಂದುಕೊಳ್ಳಬೇಡಿ. ನೀವು ನನಗೆ ಆವತ್ತೂ ಆಗುತ್ತಿರಲಿಲ್ಲ, ಇವತ್ತೂ ಆಗುವುದಿಲ್ಲ. ಅಕ್ಕನ ಗಂಡ ಅನ್ನುವ ಒಂದೇ ಕಾರಣಕ್ಕೆ ಬಾಯಲ್ಲಿ ‘ನೀವು’ ಬರುತ್ತದೆ. ಯಾಕೆ ಆಗುವುದಿಲ್ಲ ಅಂತ ನಿಮಗೆ ನೆನಪೂ ಇರಲಿಕ್ಕಿಲ್ಲ. ನಕ್ಕವರಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ! ನನ್ನ ಮಗಳ ನಾಮಕರಣಕ್ಕೆ ಹೊರಗಿನ ಅಡುಗೆಯವರನ್ನು ಕರೆಯದೆ ನಾನೇ ಒಲೆಯ ಮುಂದೆ ನಿಂತಿದ್ದೆ. ಪಂಕ್ತಿಯ ನಡುವೆ ಕೂತ ನೀವು ಸಾರು ಸುರಿದು ಕುಡಿದು, “ಇದಕ್ಕೆ ನೀರು ಹಾಕಿದ್ದು ನೀನು, ಉಳಿದದ್ದು ಹಾಕ್ಲಿಕ್ಕೆ ಯಾರಿಗೆ ಹೇಳಿದ್ದೆ ಮಾರಾಯ?” ಅಂದಿರಿ. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಬಡಿಸುತ್ತಿದ್ದ ನನ್ನ ಅಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾರನೆಯ ದಿನದಿಂದ ಹೋಟೆಲಿನಲ್ಲಿ ನನ್ನ ಹೆಸರೇ ‘ನೀರುಸಾರು’ ಆಯಿತು.

ನಾವಿಬ್ಬರೂ ಒಬ್ಬರೇ ಧಣಿಗಳ ಹೋಟೆಲಿನ ಅಡುಗೆಯವರು. ಧಣಿಗಳಿಗೆ ಎರಡು ಹೋಟೆಲು — ತುರ್ಭೆಯ ಕಾರ್ಖಾನೆಗಳ ಬದಿಯಲ್ಲಿ ದೊಡ್ಡದು, ಸೀವುಡ್ಸ್ ಸ್ಟೇಷನ್ ಹತ್ತಿರ ಚಿಕ್ಕದು. ಅವರದೊಂದು ಹಳೆಯ ಕಟ್ಟಳೆ: ಮನೆಯ ಹತ್ತಿರದ ಹೋಟೆಲಿಗೆ ಅಡುಗೆಯವರನ್ನು ಹಾಕಬಾರದು, ಹಾಕಿದರೆ ಮಧ್ಯಾಹ್ನ ಮನೆಗೆ ಓಡಿ ಮಲಗುತ್ತಾರೆ. ಹಾಗಾಗಿ ತುರ್ಭೆಯಲ್ಲಿ ಮನೆಯಿದ್ದ ನನ್ನನ್ನು ಸೀವುಡ್ಸಿಗೆ, ಸೀವುಡ್ಸಿನಲ್ಲಿ ಮನೆಯಿದ್ದ ನಿಮ್ಮನ್ನು ತುರ್ಭೆಗೆ ಹಾಕಿದ್ದರು. ನಿಮಗೆ ದೊಡ್ಡ ಅಡುಗೆಮನೆ, ನನಗೆ ಚಿಕ್ಕದು — ಅದೂ ಒಂದು ಹೊಟ್ಟೆಯುರಿ. ಬೆಳಗಿನ ಲೋಕಲ್ ರೈಲು ಶುರುವಾಗುವ ಮೊದಲೇ ಇಡ್ಲಿಯ ಬಾಯ್ಲರ್ ಬಿಸಿಯಾಗಬೇಕು. ಸೈಕಲ್ ಬಿಟ್ಟರೆ ಬೇರೆ ಗತಿಯಿರಲಿಲ್ಲ. ದಿನಾ ಕತ್ತಲೆಯಲ್ಲಿ, ರೈಲು ಹಳಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ನಾವಿಬ್ಬರೂ ಎದುರುಬದುರಾಗುತ್ತಿದ್ದೆವು. ನೀವು ಸುಮ್ಮನೆ ಹೋಗಿದ್ದರೆ ಏನಾಗುತ್ತಿತ್ತು? ಇಲ್ಲ — ಟ್ರಿಣ್ ಟ್ರಿಣ್ ಬೆಲ್ ಬಾರಿಸಿ, “ಏನಾ, ಸಾರು ಕುದೀತಾ?” ಅಂತ ಕೇಳಿಯೇ ಹೋಗಬೇಕು ನಿಮಗೆ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಪೈಪು ಹಾಕಲು ಆ ರಸ್ತೆಯನ್ನು ಅಗೆದ ಮೇಲೆ ಬೀದಿದೀಪಗಳೂ ಹೋದವು. ನನ್ನ ಹಳೆಯ ಲೈಟಿನಲ್ಲಿ ಮುಂದಿನ ಚಕ್ರ ಕೂಡ ಕಾಣುತ್ತಿರಲಿಲ್ಲ. ಒಳ್ಳೆಯ ಲೈಟು ಬೇಕಿತ್ತು, ಅದರಲ್ಲಿ ಸುಳ್ಳಿಲ್ಲ. ವಾರದ ರಜೆಯ ದಿನ ಲೋಕಲ್ ಹತ್ತಿ ಠಾಣೆ ಪೇಟೆಗೆ ಹೋಗಿ ದೊಡ್ಡ ಸೈಕಲ್ ಅಂಗಡಿ ಹೊಕ್ಕೆ. ಅಂಗಡಿಯವ ಒಳಗಿನ ಕತ್ತಲೆ ಕೋಣೆಯ ಗೋಡೆಗೆ ಎರಡು ಲೈಟು ಹಾಕಿ ತೋರಿಸಿದ. ಒಂದರ ಬೆಳಕಿಗೆ ಮೇಲ್ಗಡೆ ಗೆರೆ ಎಳೆದಂತೆ ಅಂಚಿತ್ತು. ಬೆಳಕೆಲ್ಲ ಕೆಳಗೆ, ರಸ್ತೆಗೆ. ಇನ್ನೊಂದರದು ದುಂಡನೆಯ ಬೆಳಕು, ಗೋಡೆಯಿಂದ ಮಾಡಿನವರೆಗೆ. ಅದು ಕಾಡುಗುಡ್ಡದಲ್ಲಿ ಸೈಕಲ್ ಹೊಡೆಯುವವರಿಗೆ, ರಸ್ತೆಗೆ ಬೇಡ, ಅಷ್ಟೂ ಬೇಕೆಂದರೆ ಮೂತಿ ಕೆಳಗೆ ಮಾಡಿ ಕಟ್ಟಿ, ಅಂದ. ಎದುರು ಬರುವವನಿಗೆ ಏನಾಗುತ್ತದೆ ಅಂತ ಕೇಳಿದೆ.

“ಅಂಧಾ ಹೋ ಜಾಯೇಗಾ, ಕಾಕಾ,” ಅಂತ ನಕ್ಕ. ಸ್ವಲ್ಪ ಹೊತ್ತು ಕುರುಡನೇ.

ಅದನ್ನೇ ಕೊಡು ಅಂದೆ. ಅಂದಾಗ ಕಣ್ಣ ಮುಂದೆ ಇದ್ದದ್ದು ನಿಮ್ಮ ಮುಖ, ಆ ಹಲ್ಲುಕಿರಿತ. ಮಳೆಗಾಲದಲ್ಲಿ ಬೇಕಾಗುತ್ತದೆ, ನಾಯಿಗಳು ಹೆದರುತ್ತವೆ — ಮನೆಗೆ ಬರುವಷ್ಟರಲ್ಲಿ ನೂರು ನೆಪ ಹೇಳಿಕೊಂಡಿದ್ದೆ. ಎಲ್ಲ ಸುಳ್ಳು. ಲೈಟನ್ನು ಹ್ಯಾಂಡಲಿಗೆ ಕಟ್ಟುವಾಗ ನಿಮ್ಮ ಎತ್ತರ ಅಂದಾಜು ಮಾಡಿ ಮೂತಿ ಮೇಲೆ ಮಾಡಿದೆ.

ಮೊದಲ ದಿನವೇ ನಿಮ್ಮ ಬೆಲ್ ಅರ್ಧಕ್ಕೆ ನಿಂತಿತು. ಕೈ ಮುಖಕ್ಕೆ ಅಡ್ಡ ಹಿಡಿದು, “ಲೈಟು ಕೆಳಗೆ ಮಾಡಾ ಮಾರಾಯ, ಎಂತದೂ ಕಾಣುದಿಲ್ಲ!” ಅಂತ ಕೂಗಿದಿರಿ. “ಕೆಳಗೇ ಉಂಟಲ್ಲ ಭಾವ! ಬೇರೆ ಯಾರೂ ಹೇಳುದಿಲ್ಲ, ನಿಮಗೊಬ್ಬರಿಗೇ ಚುಚ್ಚುದಾ?” ಅಂದೆ. ಬೇರೆ ಯಾರು ಹೇಳುತ್ತಾರೆ — ಬೇರೆಯವರು ಬಂದಾಗ ನಾನು ಸ್ವಿಚ್ಚು ಒತ್ತಿ ಬೆಳಕು ಕಡಿಮೆ ಮಾಡುತ್ತಿದ್ದೆನಲ್ಲ! ಹಾಲಿನವರಿಗೆ ಮಾಡುತ್ತಿದ್ದೆ, ಪೇಪರಿನವರಿಗೆ ಮಾಡುತ್ತಿದ್ದೆ. ನಿಮಗೆ ಮಾತ್ರ ಇಲ್ಲ. ಆಮೇಲೆ ನೀವು ಕೂಗುವುದನ್ನು ಬಿಟ್ಟಿರಿ, ಸಾರಿನ ಮಾತನ್ನೂ ಬಿಟ್ಟಿರಿ. ನನ್ನನ್ನು ಕಂಡೊಡನೆ ಸೈಕಲ್ ನಿಧಾನ ಮಾಡಿ, ತಲೆ ಬಗ್ಗಿಸಿ ದಾಟುತ್ತಿದ್ದಿರಿ. ಗೆದ್ದೆ ಅಂದುಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ, ನನ್ನನ್ನು ದಾಟಿದ ನೀವು ಗುಂಡಿಗೆ ಬಿದ್ದ ಸದ್ದು ನನ್ನ ಬೆನ್ನಿಗೆ ಕೇಳಿತು. ತಿರುಗಿ ಬರುವ ಮೊದಲು ನಾನು ಮಾಡಿದ ಕೆಲಸ ಯಾವುದು ಗೊತ್ತೇ ಭಾವ — ಲೈಟನ್ನು ತೀರಾ ಸಣ್ಣಗೆ ಮಾಡಿ ಅದರ ಮೂತಿ ಕೆಳಗೆ ತಿರುಗಿಸಿದ್ದು. ಮೊದಲು ಅದು, ನೀವು ಆಮೇಲೆ. ಭುಜ ಹಿಡಿದುಕೊಂಡು ಮಣ್ಣಿನಲ್ಲಿ ಕೂತಿದ್ದಿರಿ. ನಾನು ಕೈಕೊಟ್ಟು ಎಬ್ಬಿಸಿದೆ. ನೀವು ನನ್ನ ಸೈಕಲ್ಲನ್ನೇ ನೋಡುತ್ತ ಕೇಳಿದಿರಿ:

“ಲೈಟು ಇಷ್ಟೇ ಇದ್ದದ್ದಾ?”

“ಇಷ್ಟೇ,” ಅಂದೆ.

ಅಷ್ಟಕ್ಕೆ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. ನಿಮಗೆ ಸಕ್ಕರೆ ಕಾಯಿಲೆ ಇದ್ದದ್ದು, ಅದೇ ಕಾಯಿಲೆಯಲ್ಲಿ ನಿಮ್ಮ ಅಪ್ಪ ಕಣ್ಣು ಕಳೆದುಕೊಂಡದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ: “ನಿಮ್ಮ ಅಪ್ಪನಿಗೂ ಮೊದಲು ಹೀಗೇ ಶುರುವಾದದ್ದಲ್ವಾ ಭಾವ?” ರಿಕ್ಷಾದಲ್ಲಿ ಇಡೀ ದಾರಿ ನೀವು ಒಂದೊಂದೇ ಕಣ್ಣು ಮುಚ್ಚಿ ಹೊರಗೆ ನೋಡುತ್ತಿದ್ದಿರಿ.

ಕಣ್ಣಿನ ಡಾಕ್ಟರ ಹತ್ತಿರವೂ ನಾನೇ ಕರೆದುಕೊಂಡು ಹೋದದ್ದು. ಅಕ್ಕ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಔಷಧಿಯ ಹನಿ ಹಾಕಿ ಕೂರಿಸಿದಾಗ ಎದುರಿನದೆಲ್ಲ ಮಸುಕಾಯಿತೇನೋ, ನೀವು ತಡವಿ ನನ್ನ ಕೈ ಹಿಡಿದುಕೊಂಡಿರಿ. ನಾಮಕರಣದ ದಿನದಿಂದ ನೆಟ್ಟಗೆ ಒಂದು ಮಾತಾಡದ ನಾವು! ನನಗೇನನ್ನಿಸಿತು ಹೇಳಲೇ? ಖುಷಿಯಾಯಿತು. ನಗುತ್ತಿದ್ದ ಮನುಷ್ಯ ನಡುಗುತ್ತಿದ್ದಾನೆ ಅಂತ ಖುಷಿ. ಥೂ, ನನ್ನ ಜನ್ಮಕ್ಕಿಷ್ಟು.

ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರು. ನೀವು ನಂಬಲಿಲ್ಲ, ಅಪ್ಪನಿಗೂ ಮೊದಲು ಹಾಗೇ ಹೇಳಿದ್ದರಂತೆ. ನಾನು ಆವತ್ತು ಬಾಯಿಬಿಟ್ಟಿದ್ದರೆ ನಂಬುತ್ತಿದ್ದಿರಿ. ಬದಲು, “ಜೋಪಾನ ಭಾವ, ಕುದಿಯುವ ಎಣ್ಣೆಯ ಹತ್ತಿರದ ಕೆಲಸ” ಅಂದೆ — ಕಾಳಜಿಯ ದನಿಯಲ್ಲಿ. ಭುಜ ವಾಸಿಯಾದ ಮೇಲೂ ನೀವು ಒಲೆಯ ಹತ್ತಿರ ಹೋಗಲಿಲ್ಲ. ಧಣಿಗಳು ನಿಮ್ಮನ್ನು ಸೀವುಡ್ಸಿನ ಬಾಗಿಲಲ್ಲಿ ಕೂರಿಸಿದರು, ಖಾಲಿಯಾದ ಟೇಬಲಿಗೆ ಜನ ಕಳಿಸುವ ಕೆಲಸಕ್ಕೆ. ತುರ್ಭೆಯ ದೊಡ್ಡ ಅಡುಗೆಮನೆ ನನಗೆ ಬಂತು. ಅವರ ಕಟ್ಟಳೆಯೂ ನನಗೋಸ್ಕರ ಮುರಿಯಿತು. ಈಗ ನಾನು ಕೆಲಸಕ್ಕೆ ನಡೆದೇ ಹೋಗುತ್ತೇನೆ. ಐದಾರು ವರ್ಷವಾಯಿತು, ನಿಮ್ಮ ಒಲೆಯ ಮುಂದೆ ನಾನಿದ್ದೇನೆ. ನಿಮ್ಮ ಸಾರಿನ ರುಚಿ ನನ್ನ ಕೈಗೆ ಬಂದಿಲ್ಲ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡೇ ಸಾಯುತ್ತಿದ್ದೆನೋ ಏನೋ. ಮೊನ್ನೆ ಅಕ್ಕ ಫೋನು ಮಾಡಿ ಅತ್ತಳು. “ಇವರು ಈಗ ಮನೆಯೊಳಗೆ ಕಣ್ಣು ಮುಚ್ಚಿಕೊಂಡೇ ನಡೀತಾರೆ ಮಾರಾಯ. ಮುಂದೆ ಕಾಣದೇ ಹೋದಾಗ ಕಷ್ಟ ಆಗಬಾರದು ಅಂತ ಅಭ್ಯಾಸವಂತೆ.” ನಂಬಿಕೆ ಬರಲಿಲ್ಲ, ಬಂದು ನೋಡಿದೆ. ಬಾಗಿಲು ತೆರೆದೇ ಇತ್ತು. ನೀವು ಕಣ್ಣು ಮುಚ್ಚಿ, ಗೋಡೆಗೆ ಅಂಗೈ ಹಚ್ಚಿಕೊಂಡು ಅಡುಗೆಮನೆಯಿಂದ ಹೊರಗಿನ ಕೋಣೆಗೆ ಬರುತ್ತಿದ್ದಿರಿ. ಟೀಪಾಯಿಯ ಮೂಲೆ ಮೊಣಕಾಲಿಗೆ ಬಡಿಯಿತು. ಆದರೂ ಕಣ್ಣು ಬಿಡಲಿಲ್ಲ ನೀವು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದ ಸದ್ದಿಗೇ, “ಬಾ, ಬಾ. ಹೆಜ್ಜೆಯಲ್ಲೇ ಗೊತ್ತಾಯ್ತು ನೀನು ಅಂತ!” ಅಂದಿರಿ. ಪರೀಕ್ಷೆ ಪಾಸಾದವರ ಹಾಗೆ ಮುಖವೆಲ್ಲ ಅರಳಿತ್ತು. ಆಗಲೇ ಹೇಳಬೇಕಿತ್ತು. ಅಕ್ಕ ಕೊಟ್ಟ ಕಾಫಿ ಕುಡಿದು, ಹುಷಾರು ಭಾವ ಅಂತ ಹೇಳಿ, ಕಳ್ಳನ ಹಾಗೆ ಎದ್ದು ಹೋದೆ.

ಈಗ ನಿಮ್ಮೆದುರು ನಿಂತು ಹೇಳಿದ್ದೇನೆ. ಧಣಿಗಳಿಗೂ ಹೇಳುತ್ತೇನೆ, ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿದರೆ ಎದ್ದು ಹೋಗುತ್ತೇನೆ. ಅಕ್ಕನ ಎದುರು ಹೇಳುವುದೇ ಎಲ್ಲಕ್ಕಿಂತ ಕಷ್ಟ — ಆದರೂ ಹೇಳುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ನೀವು ಕ್ಷಮಿಸಿ ದೊಡ್ಡವರಾಗುವುದನ್ನು ನೋಡುವ ಶಕ್ತಿ ನನಗಿಲ್ಲ, ಕೇಳುವ ಯೋಗ್ಯತೆಯೂ ಇಲ್ಲ. ಬೈಯಿರಿ, ಹೊಡೆಯಿರಿ, ಮನೆಯ ಮೆಟ್ಟಿಲು ಹತ್ತಬೇಡ ಅನ್ನಿ. ಆದರೆ ಗೋಡೆಯಿಂದ ಕೈ ತೆಗೆದು, ಕಣ್ಣು ಬಿಡಿ ಭಾವ. ಬಿಟ್ಟು ನೋಡಿ — ಇದನ್ನೆಲ್ಲ ಮಾಡಿದವನು ನಾನು.