ಆಚೆ ತುದಿ ಹಿಡಿಯುವ ಮಡಿಕೆ ಟೀಚರ್

ಬಾಯ್ಲರ್ ಇನ್ನೂ ನಿದ್ದೆಗಣ್ಣಿನಲ್ಲಿದೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ, ಎತ್ತರದ ಪುಟ್ಟ ಕಿಟಕಿಯಿಂದ ಮೊದಲ ಬೆಳಕು ಹಣಿಕಿ ನೋಡುವ ಹೊತ್ತು. ಎರಡು ಉದ್ದ ಮೇಜುಗಳ ನಡುವಿನ ಜಾಗದಲ್ಲಿ ಇಬ್ಬರು ಒಂದು ಬಿಳಿ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಎದುರುಬದುರಾಗಿ ನಿಂತಿದ್ದಾರೆ. ನಡುವೆ ಬಟ್ಟೆ ಗಾಳಿ ತುಂಬಿಕೊಂಡು ಒಮ್ಮೆ ಉಬ್ಬುತ್ತದೆ, ಕಥೆಯೊಳಗಿನ ಹಂಸವೊಂದು ಮೈಮುರಿದು ರೆಕ್ಕೆ ಬಿಚ್ಚಿದ ಹಾಗೆ. ಮತ್ತೆ ಮೆಲ್ಲಗೆ ಇಳಿಯುತ್ತದೆ.

"ದಿ ನರ್ಸ್," ಎನ್ನುತ್ತಾಳೆ ಗೋಡೆಗೆ ಬೆನ್ನು ಕೊಟ್ಟು ನಿಂತ ಹುಡುಗಿ. ಒಣಗಿಸುವ ಯಂತ್ರ ನೋಡಿಕೊಳ್ಳುವವಳು ಅವಳು. ಎಲ್ಲರೂ ಅವಳನ್ನು ಡ್ರೈಯರ್ ಹುಡುಗಿ ಎಂದೇ ಕರೆಯುತ್ತಾರೆ.

"ಓಪನ್ಡ್ ದಿ ವಿಂಡೋ," ಎನ್ನುತ್ತ ಎದುರಿನವರು ತಮ್ಮ ಎರಡು ಮೂಲೆ ಹಿಡಿದುಕೊಂಡೇ ನಡೆದುಬಂದು ಅವಳ ಕೈಗೆ ಸೇರಿಸುತ್ತಾರೆ. ಬಟ್ಟೆ ಅರ್ಧವಾಗುತ್ತದೆ. ವಾಕ್ಯ ಪೂರ್ತಿಯಾಗುತ್ತದೆ.

ನಡೆದುಬಂದವರೇ ಈ ಲಾಂಡ್ರಿಯ ಮಡಿಕೆ ಟೀಚರ್. ಹುದ್ದೆಯಲ್ಲಿ ಬಟ್ಟೆ ಮಡಿಸುವವರು. ಟೀಚರ್ ಎಂದು ಅವರನ್ನು ಯಾರೂ ನೇಮಿಸಿಲ್ಲ. ದಿನಕ್ಕೆ ಸಾವಿರದ ಹತ್ತಿರ ಬೆಡ್‌ಶೀಟುಗಳು ಇಲ್ಲಿ ಒಗೆದು, ಒಣಗಿ, ಮಡಿಕೆಯಾಗಿ ಮೇಲಿನ ವಾರ್ಡುಗಳಿಗೆ ಹೋಗುತ್ತವೆ. ಬಾಯ್ಲರಿಗೆ ಹಬೆ ತುಂಬಿ ಯಂತ್ರಗಳು ಗುಡುಗಲು ಶುರುಮಾಡಿದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಅಲ್ಲಿಯವರೆಗಿನ ಅರ್ಧ ಗಂಟೆ ಇವರದು. ಆ ಹೊತ್ತಿನಲ್ಲಿ ಇವರು ತಮ್ಮ ಜೊತೆಗಾರ್ತಿಯರಿಗೆ ಇಂಗ್ಲಿಷ್ ವಾಕ್ಯ ಕಟ್ಟುವುದನ್ನು ಹೇಳಿಕೊಡುತ್ತಾರೆ. ಬೋರ್ಡಿಲ್ಲ, ಪುಸ್ತಕವಿಲ್ಲ. ಇರುವುದು ನಿನ್ನೆಯ ಒಣಗಿದ ಬಟ್ಟೆ ಮಾತ್ರ.

"ಒಬ್ಬಳೇ ಒಂದು ತುದಿ ಹಿಡಿದ್ರೆ ಬೆಡ್‌ಶೀಟ್ ನೆಲಕ್ಕೆ ಬೀಳುತ್ತೆ. ವಾಕ್ಯಾನೂ ಹಂಗೇ," ಎನ್ನುತ್ತಾರೆ. "ಈ ಕಡೆ ನಿಂತವಳು ಯಾರು ಅಂತ ಹೇಳ್ಬೇಕು. ಆ ಕಡೆಯಿಂದ ಬರೋಳು ಏನು ಮಾಡಿದ್ರು ಅಂತ ಹೇಳ್ಬೇಕು. ಎರಡೂ ಕೂಡಿದ್ರೇನೇ ಮಡಿಕೆ."

ಮುಂದಿನ ಪಾಠ ಮೇಜಿನ ಮೇಲಿದೆ. ದಿಂಬಿನ ಕವರುಗಳ ರಾಶಿ. ಒಂದರ ಮೇಲೊಂದು ಇಡುವಾಗ ಪ್ರತಿಯೊಂದೂ ಒಂದೇ ರೀತಿ ಮಡಿಸಿದ್ದಿರಬೇಕು, ಅಂಚುಗಳೆಲ್ಲ ಒಂದೇ ಕಡೆಗಿರಬೇಕು. ಒಂದು ಅಡ್ಡ ಮಡಿಕೆಯಾದರೂ ರಾಶಿ ವಾಲುತ್ತದೆ. ಒಂದೇ ಉಸಿರಿನಲ್ಲಿ ಮೂರು ಕೆಲಸ ಹೇಳುವಾಗಲೂ ಮೂರಕ್ಕೂ ಒಂದೇ ಮಡಿಕೆ ಎಂಬುದು ಇಲ್ಲಿಯ ನಿಯಮ. ಡ್ರೈಯರ್ ಹುಡುಗಿ ಒಂದೊಂದೇ ಕವರ್ ಇಡುತ್ತ ಹೇಳುತ್ತಾಳೆ: "ಐ ವೋಕ್ ಅಪ್, ಕೋಂಬ್ಡ್ ಮೈ ಹೇರ್ ಅಂಡ್ ರನ್ನಿಂಗ್ ಟು ದಿ ಬಸ್."

"ವಾಲ್ತು, ವಾಲ್ತು," ಎಂದು ಸುತ್ತಲಿನವರು ನಗುತ್ತಾರೆ.

"ನಿಜವಾಗ್ಲೂ ಓಡ್ತಾ ಇದ್ದೆ ಅಕ್ಕಾ. ನಾನೇನು ಮಾಡ್ಲಿ?"

"ಓಡ್ತಾನೇ ಇದ್ರೆ ಬಸ್ ಸಿಗೋದು ಯಾವಾಗ? ಓಡಿದೆ ಅನ್ನು, ಹತ್ತಿ ಕೂತ್ಕೋ," ಎಂದು ಟೀಚರ್ ಮೂರನೆಯ ಕವರನ್ನು ಬಿಡಿಸಿ ಅವಳ ಕೈಗೇ ಕೊಡುತ್ತಾರೆ. "ಅಂಡ್ ರ್‍ಯಾನ್ ಟು ದಿ ಬಸ್," ಎಂದು ಅವಳು ಮತ್ತೆ ಮಡಿಸಿ ಇಡುತ್ತಾಳೆ. ರಾಶಿ ನೆಟ್ಟಗೆ ನಿಲ್ಲುತ್ತದೆ.

ಈ ನಗುವಿನಲ್ಲಿ ಸೇರದೆ, ಮೂಲೆಯ ಸ್ಟೂಲಿನ ಮೇಲೆ ಕುಳಿತ ಹಿರಿಯ ಹೆಂಗಸೊಬ್ಬರು ದಿಂಬಿನ ಕವರ್ ಮಡಿಸುತ್ತ ತಮ್ಮಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದಾರೆ. ಟೀಚರ್ ಅವರ ಓರಗಿತ್ತಿ ಇವರು. ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ಓಣಿಯ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ, ಒಂದೇ ನಲ್ಲಿಯ ನೀರು ಹಿಡಿದು ಸಂಸಾರ ಮಾಡಿದವರು ಇಬ್ಬರೂ. "ಮನೇಲಿ ನಾನು ದೊಡ್ಡವಳು. ಇಲ್ಲಿಗೆ ಬಂದ್ರೆ ಇವಳು ನನ್ನ ಕಿವಿ ಹಿಂಡ್ತಾಳೆ," ಎಂದು ಅವರು ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಇವತ್ತು ಹತ್ತು ಗಂಟೆಗೆ ಅವರಿಗೆ ಪರೀಕ್ಷೆ. ಒದ್ದೆ ಬಟ್ಟೆಯ ಭಾರ ಎತ್ತಿ ಎತ್ತಿ ಅವರ ಬಲಭುಜ ಸೋತುಹೋಗಿದೆ. ಇನ್ನು ಲಾಂಡ್ರಿ ಕೆಲಸ ಆಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ವಾರ್ಡ್ ಸಹಾಯಕಿಯಾದರೆ ಭಾರ ಎತ್ತಬೇಕಿಲ್ಲ, ರೋಗಿಗಳ ಬಳಿ ಇದ್ದು ಬೇಕು ಬೇಡ ನೋಡಿಕೊಂಡರಾಯಿತು. ಆದರೆ ಮೇಲಿನ ವಾರ್ಡುಗಳಲ್ಲಿ ನರ್ಸುಗಳು, ಡಾಕ್ಟರುಗಳು, ರೋಗಿಗಳು ಹತ್ತೆಂಟು ಭಾಷೆಗಳವರು. ಎಲ್ಲರಿಗೂ ದಾಟುವ ಸೇತುವೆ ಇಂಗ್ಲಿಷ್. ಕಂಡದ್ದನ್ನು, ಮಾಡಿದ್ದನ್ನು ಆ ಭಾಷೆಯಲ್ಲಿ ಪೂರ್ತಿ ಹೇಳಲು ಬರಬೇಕು. ಅದಕ್ಕೇ ಪರೀಕ್ಷೆ. ಒಮ್ಮೆ ಫೇಲಾಗಿದ್ದಾರೆ. ಇದು ಎರಡನೆಯದು, ಕೊನೆಯದೂ ಹೌದು. ಇದೂ ತಪ್ಪಿದರೆ ಮನೆಗೆ.

ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಳ್ಳುತ್ತದೆ. ಟೀಚರ್ ಎತ್ತಿ ಕಿವಿಗಿಟ್ಟರೆ ಒಳಗಿನಿಂದ "ಶೀಟ್ಸ್. ಅರ್ಜೆಂಟ್" ಎಂಬೆರಡು ಮಾತು. ಯಾವ ವಾರ್ಡು, ಯಾರಿಗೆ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಾಗಿದೆ. "ಅವರ ತಪ್ಪಲ್ಲ, ಪಾಪ. ಮೇಲೆ ಅವರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಆದ್ರೆ ಅವರ ಅರ್ಧ ಮಾತಿಗೆ ನಾವು ಅರ್ಧ ಆಸ್ಪತ್ರೆ ಸುತ್ತಬೇಕು," ಎಂದು ನಗುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ, ಆ ಫೋನನ್ನೇ ತೋರಿಸುತ್ತಾರೆ. "ಒಂದು ದಿನ ಇದ್ರಲ್ಲಿ ಒಂದು ಪೂರ್ತಿ ಮಾತು ಬರ್ಲಿ. ಅಷ್ಟೇ."

ಏಳನೇ ತರಗತಿಗೆ ಶಾಲೆ ಬಿಟ್ಟವರು ಇವರು. ಮದುವೆಯಾಗಿ ಬಂದ ಮೇಲೆ ಓರಗಿತ್ತಿಯೇ ಕೈಹಿಡಿದು ಲಾಂಡ್ರಿಗೆ ಕರೆತಂದರು. ಮೊದಲ ಕೆಲಸ ಟ್ರಾಲಿ ತಳ್ಳುವುದು: ಒಗೆದದ್ದನ್ನು ವಾರ್ಡಿಗೆ ಕೊಟ್ಟು, ಕೊಳೆಯಾದದ್ದನ್ನು ತರುವುದು. ಮೂರನೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ, ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರಮ್ಮ ಇದ್ದರು.

"ನಾನು ಹೋಗಿ 'ಶೀಟ್' ಅಂತಿದ್ದೆ. ಅವರು ಹಳೇ ಬೆಡ್‌ಶೀಟನ್ನ ಗಟ್ಟಿಯಾಗಿ ಹಿಡ್ಕೊಂಡು ಬಿಡ್ತಿರ್ಲಿಲ್ಲ. 'ಶೀಟ್ ಏನಾಯ್ತು? ಶೀಟಿಗೆ ಮದುವೆಯಾ? ಯಾರಿಗೆ ಬೇಕು, ಏನು ಬೇಕು, ಪೂರ್ತಿ ಹೇಳು, ಆಮೇಲೆ ಬಿಡ್ತೀನಿ' ಅಂತಿದ್ರು. ನಾನು ಈ ಕಡೆ ಎಳೆಯೋದು, ಅವರು ಆ ಕಡೆ ಎಳೆಯೋದು. ಅಕ್ಕಪಕ್ಕದ ಮಂಚದವರಿಗೆಲ್ಲ ತಮಾಷೆ. ಒಂದಿನ ಬಾಯಿಗೆ ಬಂದೇ ಬಿಡ್ತು. 'ಐ ನೀಡ್ ದಿ ಓಲ್ಡ್ ಶೀಟ್.' ತಕ್ಷಣ ಬಿಟ್ಬಿಟ್ರು. ನಾನು ಹಿಂದಕ್ಕೆ ಬಿದ್ದೆ."

ದಿನಕ್ಕೊಂದು ವಾಕ್ಯ, ಹೀಗೆ ಎಳೆದಾಡಿಯೇ ಕಲಿತದ್ದು. ಒಂದು ಬೆಳಿಗ್ಗೆ ಹೋದರೆ ಕಿಟಕಿ ಪಕ್ಕದ ಮಂಚ ಖಾಲಿ. ಕಾಲು ಕೂಡಿತ್ತು, ಮಕ್ಕಳು ಬಂದು ಮನೆಗೆ ಕರೆದುಕೊಂಡು ಹೋಗಿದ್ದರು. "ಖುಷಿಯಾಯ್ತು. ಆದ್ರೆ ಒಂದು ಥ್ಯಾಂಕ್ಸ್ ಹೇಳಿರ್ಲಿಲ್ಲ ನಾನು. ಹೇಳೋಕೆ ಬರೋ ಹೊತ್ತಿಗೆ ಅವರೇ ಇಲ್ಲ." ಅವರಿಗೆ ಹೇಳಲಾಗದ ಆ ಮಾತನ್ನೇ ಅಂದಿನಿಂದ ಬೆಳಗ್ಗೆ ಬೆಳಗ್ಗೆ ಬಿಡಿಬಿಡಿಯಾಗಿ ಎಲ್ಲರಿಗೂ ಹಂಚುತ್ತಿರುವಂತಿದೆ ಈ ಪಾಠ. ಇವರ ಬೆಡ್‌ಶೀಟಿನ ಆಚೆ ತುದಿ ಹಿಡಿದವರಲ್ಲಿ ಕೆಲವರು ಈಗ ಮೇಲಿನ ಮಹಡಿಗಳಲ್ಲಿದ್ದಾರೆ. ನೀವೇಕೆ ಪರೀಕ್ಷೆಗೆ ಕೂರಲಿಲ್ಲ ಎಂದರೆ ಭುಜ ಕುಣಿಸುತ್ತಾರೆ: "ನಂದು ಇನ್ನೂ ಗಟ್ಟಿ ಇದೆ. ಅವಸರ ಏನು?"

ಹಾಗಾದರೆ ಸ್ವಂತ ಓರಗಿತ್ತಿ ಫೇಲಾದದ್ದು ಹೇಗೆ? ಆ ಕಥೆಯನ್ನು ಫೇಲಾದವರ ಬಾಯಿಂದಲೇ ಕೇಳಬೇಕು.

"ಹಿರಿಯ ನರ್ಸಮ್ಮ ಒಳ್ಳೆಯವರೇ. ದಾರೀಲಿ ಬರ್ತಾ ಏನು ನೋಡಿದೆ ಹೇಳಮ್ಮ ಅಂದ್ರು. 'ದಿ ಓಲ್ಡ್ ಮ್ಯಾನ್ ಅಟ್ ದಿ ಗೇಟ್' ಅಂದೆ. ಅಂದು, ಸುಮ್ನೆ ನಿಂತೆ. ಎರಡೂ ಕೈ ಹಿಂಗೆ ಮುಂದೆ ಚಾಚಿದೀನಿ. ಅವರು ನನ್ನ ಮುಖ ನೋಡ್ತಾರೆ, ನಾನು ಅವರ ಮುಖ ನೋಡ್ತೀನಿ. ಉಳಿದಿದ್ದು ಆ ಕಡೆಯಿಂದ ಬರ್ಬೇಕಲ್ಲ? ಬರ್ಲೇ ಇಲ್ಲ."

ಭುಜ ನೋಯುತ್ತದೆ ಎಂದು ಅವರು ಯಾವಾಗಲೂ ಗೋಡೆ ಕಡೆಯೇ ನಿಲ್ಲುತ್ತಿದ್ದರು. ನಡೆದುಬಂದು ಮೂಲೆ ಎತ್ತಿ ಕೂಡಿಸುವ ಕಷ್ಟ ಬೇಡವೆಂದು ಟೀಚರ್ ಪ್ರತಿದಿನ ತಾವೇ ಎದುರಿನ ಬಾಗಿಲ ಕಡೆ ನಿಂತರು. ಹೀಗಾಗಿ ಓರಗಿತ್ತಿಯ ಬಾಯಲ್ಲಿ ನೂರಾರು ವಾಕ್ಯಗಳ ಮೊದಲರ್ಧ ಮಾತ್ರ ಕೂತಿತ್ತು. ಕಥೆ ಹೇಳುವ ಅಜ್ಜಿ, ಹೂಂಗುಟ್ಟುವವರು ನಿದ್ದೆ ಹೋದರೆ ಅಲ್ಲೇ ನಿಂತುಬಿಡುತ್ತಾಳಲ್ಲ, ಹಾಗೆ ಆ ಕೋಣೆಯಲ್ಲಿ ಅವರ ಮಾತು ನಿಂತುಹೋಯಿತು.

ಅಂದು ಸಂಜೆ ಓರಗಿತ್ತಿಯರಿಬ್ಬರೂ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರಂತೆ. ಕಡೆಗೆ ದೊಡ್ಡವರೇ ಅಂದರು: "ಅರ್ಧ ಇಂಗ್ಲಿಷ್ ನಂಗೆ ಕೊಟ್ಟು, ಇನ್ನರ್ಧ ನೀನೇ ಇಟ್ಕೊಂಡೆಯಲ್ಲೇ." ಚಿಕ್ಕವರಿಗೆ ಅಳು ಬಂತು. ದೊಡ್ಡವರಿಗೆ ನಗು ಬಂತು. ಆಮೇಲೆ ಯಾರು ಅತ್ತರು, ಯಾರು ನಕ್ಕರು ಎಂಬುದರ ಬಗ್ಗೆ ಇಬ್ಬರಲ್ಲೂ ಈಗ ಒಮ್ಮತವಿಲ್ಲ.

"ಪ್ರೀತಿಯಿಂದಾನೇ ಕೆಡಿಸಿದ್ದು ನಾನು," ಎನ್ನುತ್ತಾರೆ ಟೀಚರ್. "ಅಕ್ಕ ಹಂಗೆ ನಿಂತುಹೋಗಿರ್ಲಿಲ್ಲ ಅಂದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇನ್ನೆಷ್ಟು ಜನಕ್ಕೆ ಅರ್ಧರ್ಧ ಕಲಿಸ್ತಿದ್ನೋ. ಅವಳಿಗೆ ನಾನು ಟೀಚರ್ ಅಂತೀರಿ, ನಂಗೆ ಕಲಿಸೋದು ಕಲಿಸಿದ್ದು ಅವಳು."

ಆವತ್ತಿನಿಂದ ಲಾಂಡ್ರಿಯಲ್ಲಿ ಎರಡು ಬದಲಾವಣೆ. ಬೆಡ್‌ಶೀಟ್ ಮಡಿಸುವವರು ಪ್ರತಿ ಮಡಿಕೆಗೂ ತುದಿ ಬದಲಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಎಲ್ಲರೂ ದಿಂಬಿನ ಕವರ್ ಹಿಡಿಯುತ್ತಾರೆ. ಅದು ಪುಟ್ಟದು, ಭಾರವಿಲ್ಲ. ಎರಡೂ ತುದಿ ಒಬ್ಬರ ಕೈಯಲ್ಲೇ ಇರುತ್ತದೆ. ಯಾರು ಎಂಬುದನ್ನೂ ಏನು ಮಾಡಿದರು ಎಂಬುದನ್ನೂ ಒಬ್ಬರೇ ಹೇಳಿ ಮಡಿಸಬೇಕು. ಮೂಲೆಯ ಸ್ಟೂಲಿನಲ್ಲಿ ದೊಡ್ಡವರು ಮಾಡುತ್ತಿರುವುದು ಅದನ್ನೇ.

"ಹಬೆ ಬಂತಾ ಮಾವ?" ಎಂದು ಡ್ರೈಯರ್ ಹುಡುಗಿ ಕೂಗಿ ಕೇಳುತ್ತಾಳೆ. ಬಾಯ್ಲರ್ ನೋಡಿಕೊಳ್ಳುವ ಮುದುಕರು ಬಾಗಿಲಲ್ಲಿ ಇಣುಕಿ, ಸ್ಟೂಲಿನ ಕಡೆ ನೋಡಿ, "ಇವತ್ತು ಯಾಕೋ ಸ್ವಲ್ಪ ನಿಧಾನ ಕಣಮ್ಮ," ಎನ್ನುತ್ತಾರೆ. ಅವರ ಹಿಂದೆ ಕೊಳವೆಗಳೆಲ್ಲ ಸುಯ್ಯೆನ್ನುತ್ತಿರುವುದು ಎಲ್ಲರಿಗೂ ಕೇಳುತ್ತದೆ. ಎಲ್ಲರೂ ಇನ್ನೊಂದೊಂದು ಕವರ್ ಕೈಗೆತ್ತಿಕೊಳ್ಳುತ್ತಾರೆ.

ಹತ್ತಕ್ಕೆ ಸ್ವಲ್ಪ ಮುಂಚೆ ದೊಡ್ಡವರು ಕೈ ಒರೆಸಿಕೊಂಡು ಏಳುತ್ತಾರೆ. ಯಂತ್ರಗಳ ಗದ್ದಲ ತಲುಪದ ಮೇಲಿನ ಮೆಟ್ಟಿಲವರೆಗೂ ಜೊತೆಗೆ ಬಂದ ಚಿಕ್ಕವರು ಅವರ ಕುಪ್ಪಸದ ತೋಳು ನೆಟ್ಟಗೆ ಮಾಡಿ, ಒಂದು ಮಡಿಸಿದ ದಿಂಬಿನ ಕವರನ್ನು ಕೈಗೆ ತುರುಕುತ್ತಾರೆ. "ಮರೆತ್ರೆ ಇದನ್ನ ಬಿಡಿಸಿ ಮಡಿಸು."

"ಆಸ್ಪತ್ರೆ ಬಟ್ಟೆ ಕದ್ಲು ಅಂತ ಹಿಡ್ಕೊಂಡ್ರೆ?"

"ಪೂರ್ತಿ ವಾಕ್ಯದಲ್ಲಿ ಹೇಳು, ಬಿಟ್ಬಿಡ್ತಾರೆ."

ಅವರು ಹೋದ ಮೇಲೆ ಟೀಚರ್ ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುತ್ತಾರೆ. ಮಧ್ಯಾಹ್ನ ಮೆಟ್ಟಿಲ ಬಳಿ ಅಕ್ಕ ಕಾಣಿಸಿಕೊಂಡಾಗ ಯಂತ್ರಗಳ ಗದ್ದಲದಲ್ಲಿ ಮಾತು ಕೇಳುವಂತಿಲ್ಲ. ಅವರು ದಿಂಬಿನ ಕವರನ್ನು ತಲೆಯ ಮೇಲೆತ್ತಿ ತೋರಿಸುತ್ತಾರೆ. ಬೆಳಿಗ್ಗೆ ಇದ್ದ ಮಡಿಕೆ ಹಾಗೇ ಇದೆ. ಬಿಡಿಸುವ ಅಗತ್ಯವೇ ಬಿದ್ದಿಲ್ಲ.

ಈ ಬರಹ ಮುಗಿಸುವ ಮೊದಲು, ಕೆಲವು ವಾರಗಳ ನಂತರ, ಲಾಂಡ್ರಿಗೆ ಇನ್ನೊಮ್ಮೆ ಹೋದಾಗಲೂ ಅದೇ ಮುಂಜಾನೆ, ಅದೇ ಹಂಸ. ಮೂಲೆಯ ಸ್ಟೂಲಿನಲ್ಲಿ ಹೊಸಬರೊಬ್ಬರು ಕುಳಿತಿದ್ದಾರೆ. ಗೋಡೆಯ ಫೋನು ಬಡಿದುಕೊಳ್ಳುತ್ತದೆ. ಟೀಚರ್ ಎತ್ತುತ್ತಾರೆ, ಅಭ್ಯಾಸದಂತೆ ಕಿವಿಯಿಂದ ಒಂದಿಷ್ಟು ದೂರ ಹಿಡಿಯುತ್ತಾರೆ. ಬಾಯ್ಲರ್ ಇನ್ನೂ ಎದ್ದಿಲ್ಲವಾದ್ದರಿಂದ ಆ ದನಿ ಎಲ್ಲರಿಗೂ ಕೇಳುತ್ತದೆ.

"ದಿಸ್ ಈಸ್ ವಾರ್ಡ್ ತ್ರೀ. ದಿ ಲೇಡಿ ನಿಯರ್ ದಿ ವಿಂಡೋ ನೀಡ್ಸ್ ಎ ಕ್ಲೀನ್ ಶೀಟ್, ಎ ಸಾಫ್ಟ್ ಪಿಲ್ಲೋ ಅಂಡ್ ಎ ವಾರ್ಮ್ ಬ್ಲ್ಯಾಂಕೆಟ್."

ಎಲ್ಲರ ಕೈಯ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಲ್ಲುತ್ತದೆ. ಟೀಚರ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಅದೇ ದನಿ, ಅಪ್ಪಟ ಓರಗಿತ್ತಿಯದು: "ಕೇಳಿಸ್ತೇನೇ? ಬಾಯಿ ಬಿಟ್ಕೊಂಡು ನಿಲ್ಬೇಡ, ಬೇಗ ಕಳ್ಸು. ಪಾಪ, ಅವರಿಗೆ ಚಳಿ."

"ಮೂರಕ್ಕೂ ಒಂದೇ ಮಡಿಕೆ. ರಾಶಿ ಅಲ್ಲಾಡ್ಲೇ ಇಲ್ಲ," ಎಂದು ಡ್ರೈಯರ್ ಹುಡುಗಿ ಪಿಸುಗುಡುತ್ತಾಳೆ.

ಟೀಚರ್ ಫೋನನ್ನು ಮೆತ್ತಗೆ ಇಡುತ್ತಾರೆ. ಕಪಾಟಿನಿಂದ ಇರುವುದರಲ್ಲೇ ಬೆಳ್ಳಗಿನ ಬೆಡ್‌ಶೀಟ್, ದಿಂಬು, ಕಂಬಳಿ ಆರಿಸಿ ಟ್ರಾಲಿಯಲ್ಲಿ ಜೋಡಿಸುತ್ತಾರೆ. ಟ್ರಾಲಿ ತಳ್ಳುವವಳು ಮುಂದೆ ಬಂದರೆ ಬೇಡವೆಂದು ಕೈಯಾಡಿಸುತ್ತಾರೆ.

"ಇವತ್ತು ನಾನೇ ಹೋಗ್ತೀನಿ. ಆ ಕಿಟಕಿ ಹತ್ರ ಒಂದು ಥ್ಯಾಂಕ್ಸ್ ಹೇಳೋದು ಬಾಕಿ ಇದೆ. ಅಲ್ಲಿ ಈಗ ಯಾರೇ ಮಲಗಿರ್ಲಿ."